ಗೇಟಿಗೆ ಬೀಗ ಹಾಕಿದರೆ ಬೆಟ್ಟ ಕಾದಂತಾಯಿತೇ?

2022ರ ಫೆಬ್ರವರಿ 20, ಭಾನುವಾರ. ನಂದಿಬೆಟ್ಟದ ಬ್ರಹ್ಮಗಿರಿ ಕಡೆಗೆ ಒಬ್ಬನೇ ಚಾರಣ ಹೊರಟಿದ್ದ 19 ವರ್ಷದ ವಿದ್ಯಾರ್ಥಿ ಸುಮಾರು 300 ಅಡಿ ಜಾರಿ ಬಿದ್ದು, ಬಂಡೆಗಳ ನಡುವೆ ಸಿಕ್ಕಿಕೊಂಡ. ಕೆಳಗಿನಿಂದ ಯಾರಿಗೂ ಅವನನ್ನು ತಲುಪಲಾಗಲಿಲ್ಲ. ಜಿಲ್ಲಾಡಳಿತದ ಕೋರಿಕೆಯ ಮೇಲೆ ಯಲಹಂಕದಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ಅವನನ್ನು ಮೇಲೆತ್ತಿಕೊಂಡಿತು. ಪೊಲೀಸರು ಮತ್ತು ವಾಯುಪಡೆ ಆ ದಿನ ಮಾಡಿದ ಕೆಲಸಕ್ಕೆ ಎಷ್ಟು ಹೊಗಳಿಕೆಯೂ ಕಡಿಮೆಯೇ. ಆದರೆ ರಕ್ಷಣೆ ಎಂಬುದು ಸುರಕ್ಷತೆಯ ಕಟ್ಟಕಡೆಯ ಹಂತ. ಅದಕ್ಕೂ ಮೊದಲಿನ ಹಂತಗಳನ್ನು ನಾವು ಹೇಗೆ ನಡೆಸುತ್ತಿದ್ದೇವೆ?

ನಮ್ಮ ಆಡಳಿತದ ಕೈಯಲ್ಲಿರುವುದು ಮುಖ್ಯವಾಗಿ ಎರಡು ಅಸ್ತ್ರ: ಮುಚ್ಚುವುದು ಮತ್ತು ಎಣಿಸುವುದು. ಮುಚ್ಚುವುದು ಕೆಲವೊಮ್ಮೆ ಅನಿವಾರ್ಯ. 2021ರ ಆಗಸ್ಟ್‌ನ ಭಾರಿ ಮಳೆಗೆ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆ ಕೊಚ್ಚಿಹೋದಾಗ ಪ್ರವಾಸಿಗರನ್ನು ತಡೆದು, ರಸ್ತೆ ದುರಸ್ತಿಯಾದ ಮೇಲೆ ಡಿಸೆಂಬರ್‌ನಲ್ಲಿ ಮತ್ತೆ ಬಿಟ್ಟದ್ದು ಸರಿಯಾದ ನಿರ್ಧಾರ. ವಾಹನಗಳಿಗೆ ಇರುವುದು ಒಂದೇ ದಾರಿ, ಒಂದೇ ಗೇಟು. ಅಲ್ಲಿ ಬೀಗ ಕೆಲಸ ಮಾಡುತ್ತದೆ.

ಸುತ್ತಲಿನ ಬೆಟ್ಟಗಳಿಗೆ, ಕೆರೆ ಕೋಡಿಗಳಿಗೆ ಗೇಟು ಎಲ್ಲಿದೆ? ಸೂರ್ಯೋದಯ ನೋಡಲು ನಸುಕಿನಲ್ಲೇ ಬೆಂಗಳೂರು ಬಿಟ್ಟ ಹುಡುಗರು ಮುಚ್ಚಿದ ಗೇಟು ಕಂಡು ಮನೆಗೆ ಮರಳುವುದಿಲ್ಲ. ಬೈಕನ್ನು ಇನ್ನೊಂದು ಕಡೆ ತಿರುಗಿಸುತ್ತಾರೆ. 2022ರ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರದ ಅಣೆಕಟ್ಟೆಯ ಗೋಡೆ ಹತ್ತಲು ಹೋದ ಯುವಕನೊಬ್ಬ ಸುಮಾರು 50 ಅಡಿ ಎತ್ತರದಿಂದ ಬಿದ್ದ. ಒಂದು ಕಡೆಯ ನಿಷೇಧ ಜನರನ್ನು ಕಾವಲಿಲ್ಲದ ಇನ್ನೊಂದು ಕಡೆಗೆ ತಳ್ಳುವಂತಿದ್ದರೆ ಅಪಾಯ ಕಡಿಮೆಯಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಎಣಿಸುವ ಕ್ರಮ ಇದಕ್ಕಿಂತ ಮೇಲು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಗೇ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ನಂದಿಬೆಟ್ಟದ ಸಮೀಪದ ನಮ್ಮ ಸ್ಕಂದಗಿರಿ ಬೆಟ್ಟಕ್ಕೆ ಅದಕ್ಕೂ ಮೊದಲೇ ಆನ್‌ಲೈನ್ ಟಿಕೆಟ್ ಬಂದಿತ್ತು. ಮಿತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಇಕ್ಕಟ್ಟಾದ ಕಲ್ಲುದಾರಿಯಲ್ಲಿ ಹತ್ತುವವರೂ ಇಳಿಯುವವರೂ ಒತ್ತಿಕೊಂಡು ನಿಂತರೆ ಒಬ್ಬನ ಕಾಲು ಜಾರಿದರೂ ಹಲವರು ಬೀಳುತ್ತಾರೆ.

ಆದರೆ ಟಿಕೆಟ್‌ಗೆ ಮಂಜು ಕಾಣದು, ಒದ್ದೆ ಬಂಡೆ ತಿಳಿಯದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಮಾರ್ಗದರ್ಶಕರು ಜೊತೆಗಿದ್ದ, ಅನುಭವಿಗಳೂ ಇದ್ದ ತಂಡವದು. ಹವೆ ಕೆಟ್ಟಾಗ ಬೆಟ್ಟ ಯಾರ ಅನುಭವವನ್ನೂ ಲೆಕ್ಕಿಸುವುದಿಲ್ಲ ಎಂಬ ಆ ನೋವಿನ ಪಾಠ ನಮ್ಮ ಗಿಡ್ಡ ಬೆಟ್ಟಗಳಿಗೂ ಅನ್ವಯಿಸುತ್ತದೆ. ಹಿಂದಿರುಗುವ ನಿರ್ಧಾರವನ್ನು ದಾರಿಯಲ್ಲೇ, ಆ ಕ್ಷಣದಲ್ಲೇ ತೆಗೆದುಕೊಳ್ಳಬೇಕು.

ಆ ನಿರ್ಧಾರ ತೆಗೆದುಕೊಳ್ಳುವವರು ಯಾರು? ಸ್ಕಂದಗಿರಿಯ ಬುಡದ ಕಳವಾರದಂಥ ಊರುಗಳ ಜನರಿಗೆ ಯಾವ ಕಲ್ಲು ಮಳೆಯಲ್ಲಿ ಜಾರುತ್ತದೆ, ಯಾವ ಕವಲು ಪ್ರಪಾತಕ್ಕೆ ಒಯ್ಯುತ್ತದೆ ಎಂಬುದು ಚಿಕ್ಕಂದಿನಿಂದಲೇ ಗೊತ್ತು. ಅವರನ್ನು ದಾರಿ ತೋರಿಸಲು ಕರೆದರಷ್ಟೇ ಸಾಲದು. ಪ್ರಥಮ ಚಿಕಿತ್ಸೆ, ಹಗ್ಗದ ಬಳಕೆ ಕಲಿಸಿ, ತಿಂಗಳ ಸಂಬಳ ಕೊಟ್ಟು, "ಇವತ್ತು ಬೇಡ, ಇಳೀರಿ" ಎನ್ನುವ ಅಧಿಕಾರವನ್ನೂ ಕೊಡಬೇಕು. ಹಾಗೆ ಇಳಿಸಿದಾಗ ಟಿಕೆಟ್ ಹಣ ಪೂರ್ತಿ ವಾಪಸಾಗಬೇಕು; ದುಡ್ಡು ಹೋಯಿತೆಂಬ ಸಂಕಟವೇ ಎಷ್ಟೋ ಸಲ ಜನರನ್ನು ಮುಂದಕ್ಕೆ ನೂಕುತ್ತದೆ. ಹತ್ತಿದವರಷ್ಟೇ ಮಂದಿ ಇಳಿದರೇ ಎಂಬ ಲೆಕ್ಕ ಸಂಜೆಯೊಳಗೆ ಕೈಯಲ್ಲಿರಬೇಕು.

ಬೆಟ್ಟ ಹತ್ತುವ ಸಂತೋಷದಲ್ಲಿ ಸ್ವಲ್ಪ ಅಪಾಯ ಇದ್ದೇ ಇರುತ್ತದೆ, ಅದನ್ನು ಪೂರ್ತಿ ತೊಡೆದುಹಾಕಲಾಗದು. ವಾರವಿಡೀ ದುಡಿದು ಬರುವ ಯುವಜನರಿಂದ ಆ ಸಂತೋಷವನ್ನು ಕಸಿಯುವುದೂ ಸಲ್ಲದು. ಈಗಿನ ವ್ಯವಸ್ಥೆ ಜನಸಂದಣಿಯನ್ನು ನಿಭಾಯಿಸುವುದನ್ನು ಕಲಿತಿದೆ, ಜನರನ್ನು ಕಾಯುವುದನ್ನು ಇನ್ನೂ ಕಲಿಯಬೇಕಿದೆ. ಮುಂದಿನ ಬಾರಿ ಬೆಟ್ಟದಲ್ಲಿ ಯಾರಾದರೂ ಜಾರಿದಾಗ ಮೊದಲು ಅವರ ಬಳಿ ತಲುಪುವವನು ಆ ಊರಿನದೇ ತರಬೇತಾದ ಮನುಷ್ಯನಾಗಿದ್ದರೆ, ಆಗ ವ್ಯವಸ್ಥೆ ಗೆದ್ದಿದೆ ಎನ್ನಬಹುದು.