ಅರ್ಥಶಾಸ್ತ್ರದ ಆಕರಪ್ರಕರಣ

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗಣಿಗಳ ವಿಚಾರವು ವಿಸ್ತಾರವಾಗಿ ನಿರೂಪಿತವಾಗಿರುತ್ತದೆ. ಕಿಟ್ಟ, ಮೂಷೆ, ಇದ್ದಿಲು, ಬೂದಿಗಳ ಗುರುತಿನಿಂದ ಹಳೆಯ ಗಣಿಯನ್ನು ಅರಿಯಬೇಕೆಂದು ಶಾಸ್ತ್ರಕಾರನು ಹೇಳುತ್ತಾನೆ. ತೋಡಿ ಬಿಟ್ಟ ನೆಲವನ್ನು ಸರಿಪಡಿಸುವ ವಿಧಿ ಮಾತ್ರ ಪ್ರಕರಣದಲ್ಲಿಲ್ಲ. ಹಿಂದಿನವರ ಕಸವು ಆತನಿಗೆ ಧನದ ಚಿಹ್ನೆಯೇ ಹೊರತು ನೆಲದ ಗಾಯವಲ್ಲ.

ಪ್ರಾಚೀನಗ್ರಂಥದಲ್ಲಿ ಇದನ್ನು ಅಪೇಕ್ಷಿಸುವುದು ಅನುಚಿತವೆಂದು ಆಕ್ಷೇಪಿಸಬಹುದು. ಆದರೆ ಈಚಿನವರ ದೃಷ್ಟಿಯೂ ಬಹುಕಾಲ ಅದೇ ಆಗಿದ್ದಿತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಗಣಿ ಮುಚ್ಚುವ ಯೋಜನೆಯನ್ನು ಕಡ್ಡಾಯಗೊಳಿಸಿದ ನಿಯಮವು ಬಂದುದು 2003ರಲ್ಲಿ. ಸಯನೈಡಿನಿಂದ ಚಿನ್ನ ತೆಗೆದ ಪುಡಿಯ ದಿಬ್ಬಗಳು ಊರ ನಡುವೆ ಉಳಿದುವು. 2024ರಲ್ಲಿ ಅವುಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯದ ಸಂಪುಟವು ಸಮ್ಮತಿಸಿದಾಗ ಕೌಟಿಲ್ಯನ ಕಣ್ಣೇ ಪುನಃ ತೆರೆದಂತಾಯಿತು. ಉಪಕ್ರಮದೊಡನೆ ಉಪಸಂಹಾರವನ್ನೂ ವಿಧಿಸದ ಆಕರಶಾಸ್ತ್ರವು ಅಪೂರ್ಣವೆಂದೇ ಎಣಿಸಬೇಕು.