ವಿಡಿಯೋ ಆಟದ ದೇಶವರ್ಣನೆ

ವಿಡಿಯೋ ಆಟವೂ ಒಂದು ಬಗೆಯ ದೃಶ್ಯಕಾವ್ಯವಾದುದರಿಂದ ಅದರ ದೇಶವರ್ಣನೆಯು ವಿಮರ್ಶೆಗೆ ಹೊರತಾಗಲಾರದು. ಅಮೆರಿಕೆಯ ನಾಟಿ ಡಾಗ್ ಸಂಸ್ಥೆಯವರು ೨೦೧೭ರಲ್ಲಿ ರಚಿಸಿದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಆಟವು ಹೊಯ್ಸಳರ ಬೇಲೂರು ಹಳೇಬೀಡುಗಳನ್ನು ಪಶ್ಚಿಮಘಟ್ಟದ ಕಾಡು ಜಲಪಾತಗಳ ನಡುವೆ, ಬೃಹತ್ಪ್ರತಿಮೆಗಳೊಡನೆ ಕಲ್ಪಿಸಿದೆ. ಅದು ರಮ್ಯವೆಂಬುದು ನಿಸ್ಸಂಶಯ. ಆದರೆ ಹಳೇಬೀಡು ಕೆರೆಯಂಚಿನ ಬಯಲಿನ ಊರು. ಉಳಿಗೆ ಒಲಿಯುವ ಬಳಪದ ಕಲ್ಲಿನಲ್ಲಿ ಕೆತ್ತಿದ ಕುಸುರಿಯೇ ಅಲ್ಲಿಯ ಶಿಲ್ಪದ ಹಿರಿಮೆ. ಅಲಂಕಾರವನ್ನು ಕೊಂಡು ಅದರ ಕಾರಣವನ್ನು ಬಿಟ್ಟಿರುವುದೇ ಈ ರಚನೆಯ ದೋಷವೆಂದು ತೋರುತ್ತದೆ.

ಛಾಯಾಚಿತ್ರಗಳ ರಾಶಿಯಿಂದಲೇ ಆಕರಸಂಗ್ರಹವು ಪೂರ್ಣವಾಗದು. ಶಿಲೆ, ನೀರು, ಬೆಳೆ, ಮನೆ ಇವುಗಳ ಪರಸ್ಪರ ಸಂಬಂಧವನ್ನರಿಯಬೇಕು. ಇದಕ್ಕೆ ಚಿಕ್ಕೋಡಿ ಸೀಮೆಯನ್ನೇ ಉದಾಹರಿಸಬಹುದು. ಕಾಗವಾಡದ ನೆರೆಯಲ್ಲಿದ್ದು ಈಗ ಮಹಾರಾಷ್ಟ್ರಕ್ಕೆ ಸೇರಿರುವ ಖಿದ್ರಾಪುರದ ಕೋಪೇಶ್ವರಾಲಯದಲ್ಲಿ ೪೮ ಕಂಬಗಳ ಸ್ವರ್ಗಮಂಟಪವುಂಟು. ಕಂಬಗಳನ್ನು ಅಳೆದರೆ ಸಾಲದು. ಛಾವಣಿಯ ನಡುವಣ ತೆರೆದ ವೃತ್ತದಿಂದಿಳಿಯುವ ಬೆಳಕು ದಿನವಿಡೀ ಹೇಗೆ ಸರಿಯುವುದೆಂಬುದನ್ನೂ ನೋಡಬೇಕು. ನಿಪ್ಪಾಣಿಯ ತಂಬಾಕಿನ ಹೊಲಗಳು, ರಾಯಬಾಗ ಅಥಣಿಗಳ ಕಬ್ಬು, ೨೦೦೫ ಹಾಗೂ ೨೦೧೯ರ ಮಹಾಪೂರಗಳಲ್ಲಿ ಕೃಷ್ಣೆಯೇರಿದ ಎತ್ತರ, ಇವೂ ಆಕರಗಳೇ.

ಊರನ್ನು ಕಾಣದ ಆಟಗಾರನಿಗೆ ಆಟದೊಳಗಿನ ಊರೇ ಇತಿಹಾಸವಾಗಿ ನಿಲ್ಲುವುದು. ಆದಕಾರಣ ನಮ್ಮ ದೇಗುಲ, ಬೀದಿ, ನದೀತೀರಗಳ ವಿವರಗಳನ್ನು ಅಳತೆಗಳೊಡನೆ ಕನ್ನಡದಲ್ಲಿ ಸಿದ್ಧಪಡಿಸುವುದು ವಿದ್ವಾಂಸರ ಕರ್ತವ್ಯ. ನಾವು ಒದಗಿಸದ ಸಾಕ್ಷ್ಯವನ್ನು ಬಳಸಲಿಲ್ಲವೆಂದು ಕಲಾವಿದನೊಬ್ಬನನ್ನೇ ದೂರುವುದು ನ್ಯಾಯವಲ್ಲ.