ನಿಲ್ಲುವ ಮುಂಚಿನ ನಿಧಾನ

ಮೊಬೈಲಿನಲ್ಲಿ ಮೆನು ಒತ್ತಿದರೆ ಪಕ್ಕದಿಂದ ಒಂದು ಪಟ್ಟಿ ಜಾರಿಕೊಂಡು ಬರುತ್ತದಲ್ಲ, ಅದು 400 ಪಿಕ್ಸೆಲ್ ದೂರವನ್ನು 300 ಮಿಲಿಸೆಕೆಂಡಿನಲ್ಲಿ ದಾಟಬೇಕು ಅಂದುಕೊಳ್ಳಿ. ಒಂದೇ ವೇಗದಲ್ಲಿ ಓಡಿಸಿದರೆ ಅರ್ಧ ಸಮಯಕ್ಕೆ 200 ಪಿಕ್ಸೆಲ್. ಕೊನೆಯಲ್ಲಿ ಗಕ್ಕನೆ ನಿಂತುಬಿಡುತ್ತದೆ. ಅದಕ್ಕೇ ಕೊನೆಗೆ ನಿಧಾನಿಸುವ ಕ್ಯೂಬಿಕ್ ಈಸ್-ಔಟ್ ಹಾಕಿ ನೋಡಿ. ಕಳೆದ ಸಮಯದ ಪಾಲನ್ನು 1ರಿಂದ ಕಳೆದು, ಉಳಿದದ್ದರ ಘನ ತೆಗೆದು, ಅದನ್ನು ಮತ್ತೆ 1ರಿಂದ ಕಳೆದರೆ ಸಾಗಿದ ದೂರದ ಪಾಲು, ಲೆಕ್ಕ ಇಷ್ಟೇ. ಅರ್ಧ ಸಮಯಕ್ಕೇ 350 ಪಿಕ್ಸೆಲ್ ಮುಗಿದಿರುತ್ತದೆ, ಉಳಿದ 50ಕ್ಕೆ ಇನ್ನರ್ಧ ಸಮಯ. ಪಳಗಿದ ಡ್ರೈವರ್ ಬಸ್ಸನ್ನು ಸ್ಟಾಪಿಗೆ ತಂದು ನಿಲ್ಲಿಸಿದ ಹಾಗೆ.

ಡಿಸ್ನಿಯ ಚಿತ್ರಕಾರರಿಗೆ ಹೀಗೆ ನಿಧಾನಿಸುವುದು ಹಳೆಯ ಪಾಠ. ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಕೊಟ್ಟ 12 ಸೂತ್ರಗಳಲ್ಲಿ ಇದೂ ಒಂದು. ವೆಬ್ ಪುಟಗಳ ಆ್ಯನಿಮೇಷನ್ ಫ್ಲ್ಯಾಶ್ ತಂತ್ರಾಂಶದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ರಾಬರ್ಟ್ ಪೆನ್ನರ್ ಇಂಥ ಚಲನೆಗಳನ್ನು ಸಮೀಕರಣಗಳಾಗಿಸಿ ಎಲ್ಲರ ಕೈಗಿಟ್ಟರು.

ಈಗ ವೆಬ್ ಪುಟಗಳ ರೂಪ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ ಇಂಥ ಚಲನೆಯ ವಕ್ರರೇಖೆಗೆ ನಾಲ್ಕು ಸಂಖ್ಯೆ ಸಾಕು. ಬ್ರೌಸರಿನ ರೂಢಿಯ 'ಈಸ್' ಅಂದರೆ 0.25, 0.1, 0.25, 1. ರೆನೊ ಕಂಪನಿಯಲ್ಲಿ ಕಾರಿನ ಮೈ ಬಳಕು ಬಿಡಿಸಲು ಪಿಯರ್ ಬೆಜಿಯೆ ಬಳಸಿದ ವಕ್ರರೇಖೆಯೇ ಇಲ್ಲಿ ಗುಂಡಿಯ ನಡಿಗೆಯನ್ನು ಆಳುತ್ತಿದೆ! ಎರಡನೆಯ ಅಥವಾ ನಾಲ್ಕನೆಯ ಸಂಖ್ಯೆಯನ್ನು 1ಕ್ಕಿಂತ ಸಾಕಷ್ಟು ಮೇಲೇರಿಸಿದರೆ ವಸ್ತು ಗುರಿ ದಾಟಿ ಹೋಗಿ ಹಿಂದಕ್ಕೆ ಬರುತ್ತದೆ. ಆಟದ ಆ್ಯಪಿಗೆ ಇದು ಚೆಂದ, ಬ್ಯಾಂಕಿನ ಪುಟದಲ್ಲಿ ಚೆಲ್ಲುಚೆಲ್ಲು. ಸುತ್ತುತ್ತಲೇ ಇರುವ ಲೋಡಿಂಗ್ ಚಕ್ರಕ್ಕೆ ಮಾತ್ರ ನನ್ನ ಮಟ್ಟಿಗೆ ಒಂದೇ ವೇಗವೇ ಸರಿ.